ಎಂಟು ಮಿಲಿಮೀಟರ್

ನಮ್ಮ ಕಡೆ ನೆಲ ಏಳುತ್ತದೆ.
ವರ್ಷಕ್ಕೆ ಎಂಟು ಮಿಲಿಮೀಟರ್, ಸದ್ದಿಲ್ಲದೆ,
ಯಾವ ಕಾಲದ್ದೋ ಹಿಮದ ಹೊರೆ ಇಳಿಸಿದ ಬೆನ್ನು
ಇನ್ನೂ ನೆಟ್ಟಗಾಗುತ್ತಿರುವ ಹಾಗೆ.
ಅಪ್ಪ ದೋಣಿ ಕಟ್ಟುತ್ತಿದ್ದ ಕಬ್ಬಿಣದ ಬಳೆ
ಈಗ ಭೂರ್ಜದ ಕಾಡಿನೊಳಗೆ, ಬಂಡೆಗೆ ಕಚ್ಚಿಕೊಂಡು,
ಕಡಲು ಎಲ್ಲಿ ಹೋಯಿತೆಂದು ಕೇಳುತ್ತದೆ.
ಅದನ್ನು ಅಳೆಯುವುದೇ ನನ್ನ ನೌಕರಿ.
ಮೂವತ್ತೊಂದು ವರ್ಷ ಕೋಲು ಹಿಡಿದು ನಿಂತವನು, ಓಸ್ಮೊ;
ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ನಿದ್ದೆ ಬಾರದು.

ಇಲ್ಪೊ ನನಗಿಂತ ಹದಿನೇಳು ನಿಮಿಷ ಹಿರಿಯ.
ಒಂದೇ ಮೊಟ್ಟೆ ಎರಡಾಗಿ ಬಂದವರು ನಾವು;
ಬೆಳಕು ಕಡಿಮೆಯಿದ್ದ ಬೆಳಿಗ್ಗೆ ಅಮ್ಮ
ಒಬ್ಬನಿಗೇ ಎರಡು ಸಲ ಗಂಜಿ ಉಣಿಸಿದ್ದುಂಟು.
ಹತ್ತೊಂಬತ್ತಕ್ಕೆ, ಸೈನ್ಯದ ಬ್ಯಾರಕಿನಲ್ಲಿ,
ಬೂಟಿನ ಲೇಸು ಕಟ್ಟುತ್ತ ಕೂತವನನ್ನು
ಕಪಾಟಿನ ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದರು.
ಆಮೇಲೆ ಕರೆಯುವುದನ್ನು ನಿಲ್ಲಿಸಲೇ ಇಲ್ಲ.
ಅದೇ ಚಳಿಗಾಲ, ಪಕ್ಕದ ಮಂಚದಲ್ಲೇ
ಗೊರಕೆ ಹೊಡೆಯುತ್ತಿದ್ದೆ ನಾನು.
ನನ್ನನ್ನು ಯಾಕೆ ಕರೆಯಲಿಲ್ಲ?
ಐವತ್ತೆಂಟಾಯಿತು. ಆ ಪ್ರಶ್ನೆಯ ಕಡಲಿಂದ
ಒಂದು ಗೇಣು ನೆಲವೂ ಮೇಲೇಳಲಿಲ್ಲ.

ಹಾಗಾಗಿ ಹೂಂ ಅಂದೆವು.
ಔಲುವಿನ ಆಸ್ಪತ್ರೆ, ಅವಳಿಗಳ ಅಧ್ಯಯನ,
ಹೋಗಿಬರುವ ಬಸ್ಸಿನ ಖರ್ಚು, ತಲೆಗೊಂದು ದಾಲ್ಚಿನ್ನಿ ಬನ್ನು.
ಉಂಗುರ, ಬೆಲ್ಟು, ಕಟ್ಟಿಸಿದ ಹಲ್ಲು ಬಿಚ್ಚಿಟ್ಟು
ಕೊಳವೆಯೊಳಗೆ ಮಲಗಿದೆವು, ಒಬ್ಬನಾದ ಮೇಲೆ ಒಬ್ಬ.
ಢಕ್ ಢಕ್ ಢಕ್, ಹಡಗುಕಟ್ಟೆಯ ಸುತ್ತಿಗೆ.
ಹೊರಗೆ ಬಂದ ಇಲ್ಪೊ ಅಂದ:
"ಒಳ್ಳೇದಾಯ್ತು. ನಲವತ್ತು ನಿಮಿಷ
ಅವರ ಮಾತು ಅವರಿಗೇ ಕೇಳಿಸಲಿಲ್ಲ."

ಡಾಕ್ಟರ್ ಹಿಲ್ಕ ಪರದೆಯ ಮೇಲೆ ಎರಡು ಚಿತ್ರ ಇಟ್ಟರು.
ಅಕ್ರೂಟು ಸೀಳಿದ ಹಾಗೆ ಎರಡು ತಲೆ,
ನಡುವೆ ಕಪ್ಪು ಚಿಟ್ಟೆ ರೆಕ್ಕೆ ಹರಡಿ ಕೂತಿತ್ತು.
ಕುಹರ ಅನ್ನುತ್ತಾರೆ; ಒಳಗೆ ತಿಳಿನೀರು.
ಸ್ಕಿಜೋಫ್ರೇನಿಯಾ ಇರುವವರಲ್ಲಿ, ನೂರಾರು ಮಂದಿಯ ಲೆಕ್ಕ ಹಿಡಿದರೆ,
ಆ ನೀರಿನ ಜಾಗ ತುಸು ಅಗಲ,
ಸುತ್ತಲಿನ ಬೂದು ತೊಗಟೆ ತುಸು ತೆಳು,
ನೆನಪು ಕಾಯುವ ಕಡಲಕುದುರೆಯೂ ಕೊಂಚ ಬಡಕಲು.
ಎಷ್ಟು, ಎಂದೆ. ಉಗುರಿನ ಅಂಚು ತೋರಿಸಿದರು.
ಅದು ನನ್ನ ಕಸುಬಿನ ಅಳತೆ.
ನೆಲ ಏಳುವ ಊರಿನವನಿಗೆ
ನೀರು ಏರಿದ್ದು ಕಾಣದೇ?

ಎಡಗಡೆಯದರಲ್ಲಿ ಚಿಟ್ಟೆ ದೊಡ್ಡದು.
ಹೆಸರು ಹೇಳುವ ಮೊದಲೇ ಬೆರಳಿಟ್ಟೆ: "ಇದು ಇವನದು."
ಗಂಟಲು ಕಟ್ಟಿತ್ತು, ನಿಜ. ಆದರೆ ಒಳಗೊಳಗೆ,
ಹೇಳಿಯೇಬಿಡುತ್ತೇನೆ, ಒಂದು ಸಮಾಧಾನ:
ಸಿಕ್ಕಿತು, ದಡ ಕುಸಿದ ಜಾಗ.
ಗಡಿಗಲ್ಲು ನೆಡಬಹುದು ಇನ್ನು,
ಈಚೆಗೆ ನಾನು, ಆಚೆಗೆ ಅವನು.

ಹಿಲ್ಕ ಕನ್ನಡಕ ತೆಗೆದು ಒರೆಸಿದರು.
"ಅದು ನಿಮ್ಮದು, ಓಸ್ಮೊ."

ಹೀಟರ್ ಟಿಕ್ಕೆಂದಿತು.
ಏನೇನೋ ಹೇಳಿದರು ಆಮೇಲೆ: ಸರಾಸರಿ ಗುಂಪಿನ ಮಾತು,
ಒಬ್ಬನ ತಲೆಗೆ ಆ ಟೋಪಿ ಕೂರುವುದಿಲ್ಲ;
ಹೆಚ್ಚಿನ ಜೋಡಿಗಳಲ್ಲಿ ನೀವಂದಂತೆಯೇ, ಎಲ್ಲದರಲ್ಲೂ ಅಲ್ಲ;
ಹುಟ್ಟಿನ ಪಾಲೆಷ್ಟು, ಕಾಯಿಲೆಯದೆಷ್ಟು, ಮಾತ್ರೆಯದೆಷ್ಟು,
ಸೋಸುವ ಜರಡಿ ಇನ್ನೂ ಹೆಣೆದಿಲ್ಲ;
ಬರೀ ಚಿತ್ರ ನೋಡಿ ಯಾರನ್ನೂ ರೋಗಿ ಎನ್ನಲಾಗದು.
ನಾನು ನೋಡುತ್ತಲೇ ಇದ್ದೆ ನನ್ನ ಕಪ್ಪು ಕೆರೆಯನ್ನು.
ಇಷ್ಟು ವರ್ಷ ಅದನ್ನು ಹೊತ್ತುಕೊಂಡೇ
ಊರವರ ನೆಲ ಅಳೆದಿದ್ದೆ.

ಇಲ್ಪೊ ನಕ್ಕ. ಭುಜ ಕುಲುಕುವಷ್ಟು ನಕ್ಕ.
"ಜಾಗ ಖಾಲಿ ಇದ್ದದ್ದು ನಿನ್ನಲ್ಲಿ.
ಬಾಡಿಗೆಗೆ ಬಂದವರು ಮಾತ್ರ ನನ್ನಲ್ಲಿ!"

ಸಂಜೆ ಬಸ್ಸಿಳಿದು ಕಾಡಿನ ದಾರಿ ಹಿಡಿದೆವು.
ಅಪ್ಪನ ಬಳೆಯ ಬಂಡೆ ಬಂದಾಗ
ಅವನು ತಟ್ಟನೆ ನಿಂತು ಹಿಂದಿರುಗಿದ.
ಈ ಸಲ ನಾನೂ ತಿರುಗಿದೆ.
ಎಲೆ ಅಲುಗಿದ್ದು ಬಿಟ್ಟರೆ ಏನೂ ಇಲ್ಲ.
"ಏನಂತೆ?" ಎಂದೆ,
ಮೂವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ.
"ನಿನ್ನ ಲೇಸು ಬಿಚ್ಚಿದೆಯಂತೆ."

ಬಗ್ಗಿ ನೋಡಿದೆ.
ಬಿಚ್ಚಿತ್ತು.