ಅಳತೆ ಹದಿನೇಳು

ಶನಿವಾರ ಕಪ್ಪು ಕೊಳ್ಳಬಾರದಂತೆ.
ನನಗೆ ರಜೆ ಸಿಕ್ಕಿದ್ದು ಶನಿವಾರ, ತಾವಡೆಗೂ ಅಂದೇ.
ಮಸ್ಜಿದ್ ಬಂದರಿನಲ್ಲಿಳಿದು, ಕೈಗಾಡಿಗಳ ನಡುವೆ ಮೈ ಅಡ್ಡ ಮಾಡಿ,
ಮೆಟ್ಟಿಲಿಗೊಂದು ಅಂಗಡಿಯಿರುವ ಕಟ್ಟಡ ಹತ್ತಿ
ರಸಿಕಭಾಯಿಯ ಬಿಳಿ ಗಾದಿಯ ಮೇಲೆ ಕೂತೆವು.

ಮೊದಲು ಬೆರಳು ಕೇಳಿದ.
ಬೀಗದಕೈ ಗೊಂಚಲಿನಂಥ ಅಳತೆಯ ಉಂಗುರಗಳು.
ಹನ್ನೊಂದು ಅಂದೆ, ಹಳೆಯ ನೆನಪಿನಿಂದ. ಗೆಣ್ಣು ದಾಟಲಿಲ್ಲ.
ಹದಿಮೂರು. ಹದಿನೈದು.
ಹದಿನೇಳಕ್ಕೆ ಬೆರಳು ಒಪ್ಪಿತು.
ಇಪ್ಪತ್ತೆರಡು ವರ್ಷ ರವಿಕೆಗೆ ಹುಕ್ಕು ಹೊಲಿದ ಕೈ:
ನಡುಬೆರಳ ತುದಿಗೆ ಅಂಗುಸ್ತಾನದ ಗುರುತು,
ಉಂಗುರದ್ದು ಎಲ್ಲೂ ಇಲ್ಲ.

ಆಮೇಲೆ ಬಿಳಿಯವು ಬಂದವು, ಕಾಗದದ ಮಡಿಕೆಗಳಲ್ಲಿ.
ಚಿಮಟದಲ್ಲೆತ್ತಿ, ಕಣ್ಣಿಗೆ ಗಾಜು ಒತ್ತಿ,
‘ನೋಡಿ ಬೆನ್, ಇಲ್ಲೊಂದು ಚುಕ್ಕೆ, ಇಲ್ಲೊಂದು ಗರಿ,
ಆದರೂ ಕಲ್ಲು ಒಳ್ಳೆಯದು’ ಎಂದ.
ನಾನೂ ಇಣುಕಿದೆ. ಒಳಗೆ ಬಿರುಕು, ಮಂಜು.
ಯಾರದೋ ಮನೆಯ ಕಿಟಕಿಗೆ ಮುಖವಿಟ್ಟಂತಾಗಿ
ವಾಪಸು ಕೊಟ್ಟೆ.

ಚಾಳಿನಲ್ಲಿ ಬಾಳಿದವಳು ನಾನು.
ನಲ್ಲಿಯ ಸಾಲಿನಲ್ಲಿ, ಒಣಹಾಕಿದ ಸೀರೆಯ ಬಣ್ಣದಲ್ಲಿ,
ವಿಧವೆ ಎಷ್ಟು ಹೊತ್ತಿಗೆ ದೀಪ ಆರಿಸುತ್ತಾಳೆ ಎಂಬುದರಲ್ಲಿ
ಎಲ್ಲರ ಕೈಯಲ್ಲೂ ಭೂತಗನ್ನಡಿ ಇತ್ತು.

ತಾವಡೆಗೆ ಮಾಣಿಕ್ಯ ತೋರಿಸಿದ.
‘ಕೆಂಪು ಬೇಡ, ಕೈ ತಾನಾಗಿ ಬ್ರೇಕಿಗೆ ಹೋಗುತ್ತೆ.’
ಪಚ್ಚೆ ತೆಗೆದ. ‘ಹಸಿರು ಕಂಡರೆ ನಾನು ಹೊರಟೇಬಿಡುತ್ತೇನೆ.’
ಹಾರ್ಬರ್ ಲೈನಿನ ಮೋಟರ್‌ಮನ್. ತಮಾಷೆಯಲ್ಲೂ
ನೇರ ಎದುರಿಗೇ ನೋಡುತ್ತಾನೆ.
ಸೋಮವಾರ ಥಾಣೆಯ ರಿಜಿಸ್ಟ್ರಾರ್ ಆಫೀಸು.

ಕರಿಯದು ಇದೆಯಾ, ಎಂದೆ.

ರಸಿಕಭಾಯಿ ಕಿವಿ ಕೆರೆದುಕೊಂಡ. ಶನಿಯ ಹೆಸರೆತ್ತಿದ.
ಮೂರು ರಾತ್ರಿ ದಿಂಬಿನಡಿ ಇಟ್ಟು, ಕನಸು ನೋಡಿ ಹೇಳಿ ಎಂದ.
‘ಕಪ್ಪು ಅಷ್ಟು ಕೆಟ್ಟದಾದರೆ
ಕರಿಮಣಿ ನಮ್ಮ ಕೊರಳಿಗೆ ಕಟ್ಟಿದ್ದು ಯಾಕೆ?’
ಅವನು ತಕ್ಕಡಿಯ ಗಾಜಿನ ಬಾಗಿಲು ತೆರೆದು, ಮುಚ್ಚಿದ.

ಹದಿಮೂರನೆಯ ದಿನ ಚಿಕ್ಕಮ್ಮ ಎಳೆದಳು ಆ ಸರವನ್ನು.
ತಾಳಿ ಅವಳ ಮುಷ್ಟಿಯಲ್ಲಿ ಉಳಿಯಿತು.
ಮಣಿಗಳು ಮಾತ್ರ ಓಡಿದವು, ಮಂಚದಡಿ, ಸಿಲಿಂಡರಿನ ಹಿಂದೆ,
ನೆರೆಮನೆಯ ಹೊಸ್ತಿಲಿನ ತನಕ.
ಎರಡು ವರ್ಷ ಪೊರಕೆಗೆ ಒಂದೊಂದೇ ಸಿಗುತ್ತಿದ್ದವು.
ಟಿಕ್ ಎಂಬ ಆ ಸದ್ದಿಗೆ ನಾನು ಅಳುತ್ತಿರಲಿಲ್ಲ.
ಎಣಿಸುತ್ತಿದ್ದೆ.

ಡಬ್ಬಿಯ ತಳದಿಂದ ಬಂತು ಕರಿವಜ್ರ,
ಯಾರೋ ಹೇಳಿ ಮಾಡಿಸಿ, ಮನಸ್ಸು ಬದಲಿಸಿದವರ ಉಂಗುರ. ಅಳತೆ ಹದಿನೇಳೇ.
ಗಾಜಿಗೆ ಕೈ ಚಾಚಿದೆ. ರಸಿಕಭಾಯಿ ತಡೆದ:
‘ಇದಕ್ಕೆ ಅದು ಬೇಡ. ಒಳಗೆ ನೋಡಲು ಆಗುವುದಿಲ್ಲ.
ಪೂರಾ ಕಲೆಯೇ ತುಂಬಿದೆ, ಅದಕ್ಕೇ ಕಪ್ಪು.’
ಬಿಳಿಯದಕ್ಕಿಂತ ಅಗ್ಗ ಎಂದೂ ಏನೋ ಹೇಳಿದ,
ನನಗೆ ಮೊದಲ ಮಾತೇ ಸಾಕಾಗಿತ್ತು.
ಮೇಲೆ ಮೇಲೆ ಟ್ಯೂಬ್‌ಲೈಟು, ತಾವಡೆಯ ಮೀಸೆ,
ನನ್ನ ಕನ್ನಡಕದ ಎರಡು ಚೂರು.
ಅದರಾಚೆ ಯಾರಿಗೂ ಬಾಗಿಲಿಲ್ಲ.

‘ಇದೇ.’
ಚೀಟಿಯ ಹಣ ಎಣಿಸಿದೆ. ಅರ್ಧ ಅವನು, ಅರ್ಧ ನಾನು.

ಮರಳುವಾಗ ಡೊಂಬಿವಲಿ ಸ್ಲೋ. ಲೇಡೀಸ್ ಡಬ್ಬಿಯಲ್ಲಿ
ಕಲ್ಲನ್ನು ಅಂಗೈ ಕಡೆ ತಿರುಗಿಸಿಕೊಂಡೆ, ಈ ಊರು ಕಲಿಸಿದ ಬುದ್ಧಿ.
ಜಾಲರಿಯಾಚೆ ಅವನು, ಬರೀ ಪ್ಯಾಸೆಂಜರ್ ಆಗಲು ಬಾರದೆ
ಒಂದೊಂದು ಸಿಗ್ನಲಿಗೂ ಕೈ ಬಿಗಿ ಮಾಡುತ್ತಿದ್ದ.
ಕುರ್ಲಾದಲ್ಲಿ ಕಣ್ಣಲ್ಲೇ ಕೇಳಿದ: ಇದೆಯಾ?
ಮುಷ್ಟಿ ತೋರಿಸಿದೆ. ಕಲ್ಲು ಒತ್ತುತ್ತಿತ್ತು,
ಸೂಜಿಯ ಹಿಂಬದಿಯಷ್ಟು.

ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ, ಗುಂಡಿಗಳ ನಡುವೆ,
ಆ ಸರದ ಒಂದು ಮಣಿ ಇನ್ನೂ ಇದೆ.
ತಾವಡೆ ಕೇಳಿದರೆ ತೋರಿಸುತ್ತೇನೆ.
ಕೇಳದಿದ್ದರೆ ಇರಲಿ,
ಯಾವುದಾದರೂ ರವಿಕೆಯ ಬೆನ್ನಿಗೆ ಬೇಕಾದೀತು.