ನಾಲ್ಕನೆಯ ರೀಲು

ಮನಾಮದ ಹಳೆ ಸೂಕಿನಲ್ಲಿ, ಏಲಕ್ಕಿ ಮಾರುವವನ ಪಕ್ಕ
ಒಂದಾಳಗಲದ ಮೆಟ್ಟಿಲು.
ಹತ್ತಿದರೆ ಹಿಂದೊಮ್ಮೆ ಹಲ್ಲಿನ ಡಾಕ್ಟರಿದ್ದ ಮಾಳಿಗೆ.
ತೊಳೆಯುವ ಬೋಗುಣಿ ಗೋಡೆಯಲ್ಲಿ ಹಾಗೇ ಇದೆ,
ಹಲ್ಲು ಕೀಳುವ ಕುರ್ಚಿಯೂ ಇದೆ, ಕೊನೆಯ ಸಾಲಿನಲ್ಲಿ.
ಮೊದಲು ಬಂದವರಿಗೆ ಅದು.
ಉಳಿದವರಿಗೆ ಮಡಚುವ ಕುರ್ಚಿ, ಇಪ್ಪತ್ತೊಂಬತ್ತು.

ಗುರುವಾರ, ಸಂಜೆ ಏಳೂವರೆ.
ಟಿಕೆಟಿಲ್ಲ. ಹಾಲುಪುಡಿಯ ಡಬ್ಬಿಗೆ ಕೈಲಾದದ್ದು ಹಾಕಬೇಕು.
ಡಬ್ಬಿ ಹಿಡಿದು ನಿಲ್ಲುವವಳು ಖೌಲಾ,
ಮೂವತ್ತು ವರ್ಷ ಭೂಗೋಳ ಕಲಿಸಿದವಳು;
ತಡವಾಗಿ ಬಂದವರನ್ನು ಈಗಲೂ ಕಣ್ಣಲ್ಲೇ ಬಾಗಿಲಾಚೆ ನಿಲ್ಲಿಸುತ್ತಾಳೆ.
ಯಂತ್ರದ ಹಿಂದೆ ಉಳ್ಳಾಲದ ಉಮ್ಮರಬ್ಬ.
ಹಗಲು ಊರವರ ಏಸಿ ರಿಪೇರಿ,
ಇಲ್ಲಿಯ ಏಸಿ ಮಾತ್ರ ಗೊರಕೆ ಹೊಡೆಯುತ್ತದೆ.
ಮೆಲ್ಲಗೆ ಮಾತಾಡುವ ದೃಶ್ಯ ಬಂದರೆ ಅದನ್ನು ಆರಿಸುತ್ತಾನೆ,
ನಾವು ಬೆವರುತ್ತಾ ಕೇಳುತ್ತೇವೆ.

ಆ ವಾರ ಒಂದು ಕನ್ನಡ ಚಿತ್ರ.
ಹೆಸರು ಬರುವ ತುಂಡೇ ಹರಿದುಹೋಗಿತ್ತು.
ಯಾವುದೋ ಗುಜರಿಯಿಂದ ಮಸ್ಕತ್ತಿಗೆ, ಮಸ್ಕತ್ತಿನಿಂದ ಇಲ್ಲಿಗೆ,
ಒಣಮೀನಿನ ಪೆಟ್ಟಿಗೆಗಳ ನಡುವೆ ಬಂದ ಆರು ಡಬ್ಬಿ.
ನಾಲ್ಕನೆಯದರ ಮುಚ್ಚಳ ತೆಗೆದರೆ
ಕೆಟ್ಟ ಉಪ್ಪಿನಕಾಯಿಯ ಹುಳಿ ವಾಸನೆ.
ಸುರುಳಿ ಪೂರಾ ಅಂಟಿ
ಮುಹರ್ರಕ್ಕಿನ ಹಲ್ವದಂತೆ ಗಟ್ಟಿಯಾಗಿತ್ತು.

ಎರಡನೆಯ ರೀಲಿನಲ್ಲಿ ಅವಳು ಅತ್ತೆಯ ಎದುರು ಬಾಯಿ ತೆರೆದಳು.
ಅಷ್ಟರಲ್ಲಿ ಆಜಾನ್.
ಉಮ್ಮರಬ್ಬ ಸದ್ದು ತಗ್ಗಿಸಿದ, ಬೆಳಕು ನಿಲ್ಲಿಸಲಿಲ್ಲ
(ನಿಂತರೆ ಸುಡುತ್ತದೆ).
ತುಟಿ ಅವಳದು, ದನಿ ಮಸೀದಿಯದು.
ಅವಳು ಏನಂದಳೋ, ಅತ್ತೆ ಕೂತುಬಿಟ್ಟಳು.

ಮೂರನೆಯದು ಮುಗಿಯುವಾಗ
ಅವಳು ತಾಮ್ರದ ಕೊಡಪಾನ ಸೊಂಟಕ್ಕಿಟ್ಟು
ನಸುಕಿನಲ್ಲಿ ಕಡವಿಗೆ ಇಳಿಯುತ್ತಾಳೆ. ದೋಣಿ ಇಲ್ಲ.
ತೆರೆ ಬೆಳ್ಳಗಾಯಿತು.
ಖೌಲಾ ದೀಪ ಹಾಕಿ, ಪರೀಕ್ಷೆಯ ದನಿಯಲ್ಲಿ,
'ಮುಂದೇನು? ಹೇಳಿ.'

'ಕೋರ್ಟಿಗೆ ಹೋದಳು' ಎಂದ ಈಜಿಪ್ಟಿನ ಲೆಕ್ಕಿಗ ಶೌಕಿ,
ಅವನ ಪ್ರಕಾರ ಎಲ್ಲ ಕಥೆಗಳೂ ಹೋಗುವುದು ಅಲ್ಲಿಗೇ.
'ಕೆಲಸಕ್ಕೆ ಹೊರಟಳು, ಇನ್ನೇನು' ಅಂದಳು ಮಾರಿಟೆಸ್,
ಹಲ್ಲಿನ ಕುರ್ಚಿಯಿಂದ ಏಳದೆ.
ದರ್ಜಿ ಕುಞ್ಞಂಬು ಕೊಡಪಾನದೊಳಗೆ ಒಂದು ಕಾಗದ ಇಟ್ಟ,
ಯಾರು ಬರೆದದ್ದೆಂದು ಮಾತ್ರ ಹೊಳೆಯಲಿಲ್ಲ.
ಆಮೇಲೆ ಎಲ್ಲರೂ ನನ್ನ ಕಡೆ.
'ನಿನ್ನ ಭಾಷೆ. ನೀನು ನೋಡಿದವಳು.'

ನೋಡಿದ್ದೆ, ಹೌದು. ಏಳು ವರ್ಷ,
ಟೆಂಟಿನ ನೆಲದ ಮರಳಿನ ಮೇಲೆ, ಅಮ್ಮನ ತೊಡೆಗೆ ಒರಗಿ.
ಆ ಕಡವು ನೆನಪಿದೆ.
ಅಲ್ಲಿಂದಾಚೆ ನಿದ್ದೆ.
ಮನೆದಾರಿಯಲ್ಲಿ ಕೇಳಿದ್ದಕ್ಕೆ ಅಮ್ಮ,
'ಅದೆಲ್ಲ ದೊಡ್ಡವರ ವಿಷಯ, ಕಾಲ ಕೆಳಗೆ ನೋಡು' ಎಂದು
ಟಾರ್ಚನ್ನು ಮುಂದಕ್ಕೆ ತಿರುಗಿಸಿದ್ದಳು.

ದಿನವಿಡೀ ಗಾಜಿನ ಹಿಂದೆ ಕೂತು
ಪರರ ದುಡ್ಡು ಎಣಿಸಿ ಕಳಿಸುವವಳು ನಾನು,
ಒಂದು ಫಿಲ್ಸ್ ಹೆಚ್ಚು ಹೇಳಿದವಳಲ್ಲ.
ಆದರೂ ಹೇಳಿದೆ.
'ಕೊಡದಲ್ಲಿ ನೀರಿರಲಿಲ್ಲ, ಅವಲಕ್ಕಿ ಇತ್ತು.
ದಡದಲ್ಲಿ ಕೂತು ಅಷ್ಟನ್ನೂ ತಿಂದಳು,
ಯಾರಿಗೂ ಉಳಿಸದೆ, ಹೊಟ್ಟೆ ತುಂಬ.'

ಏಸಿಯ ಗೊರಕೆ ಬಿಟ್ಟರೆ ಸದ್ದಿಲ್ಲ.
'ಐದನೆಯದು ಹಾಕ್ತೇನೆ' ಎಂದ ಉಮ್ಮರಬ್ಬ, 'ಲೈಟ್ ತೆಗೀರಿ.'
ಐದನೆಯದರಲ್ಲಿ ಬೇರೆ ಊರು, ಬೇರೆ ಹೊಸಿಲು.
ಕೊಡಪಾನ ಇಲ್ಲ.
ಅವಳು ನಗುತ್ತಿದ್ದಾಳೆ, ಕೇಳುವವರಿಲ್ಲ ಯಾಕೆಂದು.

ಎಲ್ಲ ಇಳಿದ ಮೇಲೆ ಬೋಗುಣಿಯಲ್ಲಿ
ಬೆರಳಿನ ಹುಳಿ ತೊಳೆಯುತ್ತಾ ಅವನೆಂದ,
'ಈ ಪಿಕ್ಚರ್ ತೊಕ್ಕೊಟ್ಟಿನಲ್ಲಿ ನಾನೇ ಓಡಿಸಿದ್ದು.
ನಲವತ್ತೆರಡು ಆಟ.'
'ಹಾಗಾದರೆ ನಾಲ್ಕನೆಯದರಲ್ಲಿ?'
ನಳ್ಳಿ ತಿರುಗಿಸಿದ. ಕೈ ಒರೆಸಿದ, ಬೆರಳು ಬೆರಳೂ.
'ನಿಮ್ಮದೇ ಇರಲಿ ಅಕ್ಕ.'

ಮುಂದಿನ ವಾರದ್ದು ಜಪಾನಿ ಚಿತ್ರ.
ಬಾಗಿಲ ಚೀಟಿಯಲ್ಲಿ ಖೌಲಾ ಗುಂಡಗೆ ಬರೆದಿದ್ದಳು,
ಎಲ್ಲ ರೀಲುಗಳೂ ಸರಿಯಾಗಿವೆ.
ಜನ ಕಮ್ಮಿ ಬಂದರು.