ಕಲೆ

ಪೇಪರಿನವರು ಅವನ ಕಲೆಯ ಬಗ್ಗೆ ಬರೆದರು.
ಕಲೆಯನ್ನು ನಾನೂ ಬಲ್ಲೆ,
ಬೇರೆ ಕಲೆ: ಮೊಣಕೈಗೆ ಹತ್ತಿದ ಹುಲ್ಲಿನ ಹಸಿರು,
ಕಾಲರಿನ ಬೆವರು, ತೋಳಿಗೆ ಒರೆಸಿಕೊಂಡ ಮೂಗಿನ ರಕ್ತ.
ಸಿಲೇಸಿಯಾದ ಒಂದು ಗಣಿಯ ಕ್ಲಬ್ಬಿನಲ್ಲಿ
ಇಪ್ಪತ್ತೇಳು ವರ್ಷ ಅಂಗಿ ಒಗೆದ ಓತಿಲಿಯಾ ನಾನು.
ಹನ್ನೊಂದು ಅಂಗಿ. ಬೆಂಚಿನವರದ್ದೂ ಸೇರಿದರೆ ಹದಿನಾರು.

ಬಂದಾಗ ಅವನಿಗೆ ಹದಿನೇಳು.
ಲುತ್ಸ್ಯಾನ್ ಸ್ಕೊವ್ರೋನೆಕ್.
ಸ್ಕೊವ್ರೋನೆಕ್ ಅಂದರೆ ನೆಲಗುಬ್ಬಿ,
ಹೆಸರಿಗೆ ತಕ್ಕ ಹಾಗೆ ಕಡ್ಡಿ ಕಾಲು.
ಒಂಬತ್ತನೇ ನಂಬರಿನ ಅಂಗಿ
ಗೂಟಕ್ಕೆ ನೇತುಹಾಕಿದಂತಿತ್ತು ಅವನ ಮೇಲೆ.
ಎರಡು ಬೆರಳಿನಷ್ಟು ಒಳಗೆ ಹಿಡಿದು ಹೊಲಿದುಕೊಟ್ಟೆ.
ಒಂದು ಮಾತೂ ಆಡಲಿಲ್ಲ ಪುಣ್ಯಾತ್ಮ,
ಕಿವಿ ಮಾತ್ರ ಬೀಟ್‌ರೂಟ್ ಸಾರಿನ ಬಣ್ಣ.

ಫೆಬ್ರವರಿಯ ಮಂಜಿನಲ್ಲಿ ಆ ತುದಿಯ ಗೋಲು ಕಾಣದು.
ಬಾಯ್ಲರಿನ ಪಕ್ಕ ನಿಂತು ಕಿವಿಯಿಂದಲೇ ಆಟ ನೋಡಿದೆ:
ಬೂಟಿನ ದಪ್, ಬೈಗುಳ, ಸೀಟಿ,
ಆಮೇಲೆ ಒಂದು ಗಳಿಗೆ ಏನೂ ಇಲ್ಲ.
ಆ ಏನೂ ಇಲ್ಲದ್ದರೊಳಗೆ ಅವನಿದ್ದ.
ಬಲೆ ಅಲುಗಿದ್ದನ್ನು ಯಾರೂ ಕಾಣಲಿಲ್ಲ.
ಪಾಳಿ ಮುಗಿಸಿ ಬಂದಿದ್ದ ಅವನಪ್ಪ,
ಎಷ್ಟು ತೊಳೆದರೂ ರೆಪ್ಪೆಯಂಚಿಗೆ ಕಲ್ಲಿದ್ದಲ ಕಾಡಿಗೆ,
ಟೋಪಿ ತೆಗೆದು ಎದೆಗೆ ಒತ್ತಿಕೊಂಡ,
ಶವ ಹೋಗುವಾಗ ಮಾಡುವ ಹಾಗೆ.

ಆ ವರ್ಷ ಹತ್ತೊಂಬತ್ತು ಗೋಲು. ಮರುವರ್ಷ ಇಪ್ಪತ್ತಾರು.
ಹೊಲಿಗೆ ಬಿಚ್ಚುತ್ತ ಬಂದೆ, ಒಂದು ಬೆರಳು, ಇನ್ನೊಂದು.
ಮಾಂಸದಂಗಡಿಯ ಮುಂದೆ ಅವನ ತಾಯಿಗೆ
ಜನ ಸಾಲು ಬಿಟ್ಟುಕೊಟ್ಟರು.
ಆ ಕಾಲದಲ್ಲಿ ಸಾಲು ಬಿಟ್ಟುಕೊಡುವುದೆಂದರೆ
ಮೈಯ ತುಂಡೊಂದನ್ನು ಕೊಟ್ಟ ಹಾಗೆ.

ದೇಶಕ್ಕಾಗಿ ಆಡಿದ್ದು ಒಂದೇ ಸಲ, ಹನ್ನೊಂದು ನಿಮಿಷ.
ನೆಲಗುಬ್ಬಿಯ ಎದೆಯ ಮೇಲೆ ಬಿಳಿ ಹದ್ದು.
ಚೆಂಡು ಮುಟ್ಟಿದ್ದು ಎರಡು ಬಾರಿ.
ಮೂರು ಅನ್ನುತ್ತಿದ್ದ ನನ್ನ ಗಂಡ,
ಸಾಯುವವರೆಗೂ ಹಟ ಬಿಡಲಿಲ್ಲ.

ಆಮೇಲೆ ಜರ್ಮನಿಯವರು ಬಂದು ಕೊಂಡುಹೋದರು.
ಕ್ರಿಸ್ಮಸ್ಸಿಗೆ ಒಂದು ಕಾರ್ಡು:
'ಇಲ್ಲಿ ಪ್ರತಿ ಪಂದ್ಯಕ್ಕೂ ಹೊಸ ಅಂಗಿ, ಓತಿಲಿಯಾ ಅಮ್ಮ,
ಯಾರ ಕೈಯ ವಾಸನೆಯೂ ಇಲ್ಲ.'
ಮೂರು ವರ್ಷ ಬೆಂಚು ಕಾದ.
ಬೆಂಚಿನ ಮೇಲೆ ಕೂತವನಿಗೆ ಕಲೆ ಹತ್ತುವುದಿಲ್ಲ.
ಪೇಪರಿನವರೂ ಆ ಪದ ಮರೆತರು.

ತಿರುಗಿ ಬಂದಾಗ ಮೂವತ್ತೊಂದು.
ಬಲಮೊಣಕಾಲಿನಲ್ಲಿ ತುಕ್ಕು ಹಿಡಿದ ಬಾಗಿಲಿನ ಸದ್ದು.
ಗಣಿ ಮುಚ್ಚುತ್ತಾರಂತೆ ಎಂಬ ಸುದ್ದಿ ಬಂದ ವಾರವೇ
ಕೊನೆಯ ಪಂದ್ಯ, ಕೊನೆಯ ನಿಮಿಷ, ಪೆನಾಲ್ಟಿ.
ಠಣ್!
ಆ ಕಂಬದ ಸದ್ದು ಇಡೀ ಊರಿಗೆ ಕೇಳಿಸಿತು.
ಕೆಳಗಿನ ಡಿವಿಜನ್ನಿಗೆ ಬಿದ್ದೆವು.
ಗಣಿ ಮುಚ್ಚಿದ್ದೂ ಅವನಿಂದಲೇ ಎಂಬಂತೆ
ಅವನ ಮನೆಯ ಗೋಡೆಗೆ ಡಾಂಬರಿನಲ್ಲಿ ಬರೆದರು:
ಮಾರಿಕೊಂಡವನು.

ನಸುಕಿಗೆ ಮುಂಚೆ ಬಕೆಟ್ಟು ಬ್ರಷ್ಷು ಹಿಡಿದು ಹೋದೆ.
ಅವನಾಗಲೇ ಅಲ್ಲಿದ್ದ, ಮಂಡಿಯೂರಿ,
ಬಿಸಿನೀರು ಸೋಪು ಹಾಕಿ ಉಜ್ಜುತ್ತಿದ್ದ ದಡ್ಡ.
ಬರಹ ಇನ್ನಷ್ಟು ಹರಡಿತ್ತು.
'ಸರಿಯೋ ಆ ಕಡೆ, ಡಾಂಬರಿಗೆ ಸೀಮೆಎಣ್ಣೆ ಬೇಕು' ಅಂದೆ.
ಇಬ್ಬರೂ ಸೇರಿ ಎಂಟು ಗಂಟೆಯವರೆಗೂ ಉಜ್ಜಿದೆವು.
ಪೆನಾಲ್ಟಿಯ ಬಗ್ಗೆ ನಾನು ಕೇಳಲಿಲ್ಲ.
ಪೂರ್ತಿ ಹೋಗಲೂ ಇಲ್ಲ,
ಮಳೆ ಬಂದರೆ ಈಗಲೂ ಎರಡು ಅಕ್ಷರ ಮೇಲೇಳುತ್ತವೆ.

ಈಗ ಅವನು ಟ್ರ್ಯಾಮು ಓಡಿಸುತ್ತಾನೆ, ಆರನೇ ನಂಬರು.
ತಲೆಕೆಳಗು ಮಾಡಿದರೆ ಒಂಬತ್ತು ಅನ್ನುತ್ತಾರೆ ಚುಡಾಯಿಸುವವರು.
ಟ್ರ್ಯಾಮನ್ನು ಯಾರು ತಲೆಕೆಳಗು ಮಾಡುತ್ತಾರೆ?
ಮೊನ್ನೆ ನಾನು ಹತ್ತಿದಾಗ ಕೇಳಿದ:
'ಆ ಮೊದಲನೇ ಅಂಗಿ ಇದೆಯಾ ನಿನ್ನ ಹತ್ತಿರ?'
'ಕ್ಲಬ್ಬು ಮುಚ್ಚಿದಾಗ ತಂದಿದ್ದೆ,
ಹರಿದು ಕಿಟಕಿ ಒರೆಸುವುದಕ್ಕೆ ಇಟ್ಟುಕೊಂಡಿದ್ದೇನೆ.'
ಅವನು ನಕ್ಕ. ಕಿವಿ ಮತ್ತೆ ಅದೇ ಬಣ್ಣ.
'ಚೆನ್ನಾಗಿ ಒರೆಸುತ್ತಾ?'
'ಗಣಿ ಮುಚ್ಚಿದ ಮೇಲೆ ಮಸಿಯೇ ಬರಲ್ಲ,
ಒರೆಸೋದಕ್ಕೆ ಏನಿದೆ' ಅಂದೆ.
ಹಿಂದಿನಿಂದ ಯಾರೋ ಹೊತ್ತಾಯಿತೆಂದು ಗೊಣಗಿದರು.
ಗಂಟೆ ಬಾರಿಸಿ, ಬಾಗಿಲು ಮುಚ್ಚಿದ.